ಬಿಳುಪಿನ ಡಬ್ಬಿ

ಕಂತು ಏಳು

ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಎರಡು ಸಾಸರುಗಳಲ್ಲಿ ಒಂದು ಮಾತ್ರ ಬಣ್ಣ ಬದಲಿಸಿತ್ತು.

ಎಡಗಡೆಯದರಲ್ಲಿ ಮೊನ್ನೆ ಅಂಗಡಿಯಿಂದ ಕೊಂಡು ತಂದ ಕ್ರೀಮು. ಎರಡು ದಿನ ಬಿಸಿಲು ತಿಂದರೂ ಬೆಣ್ಣೆಯ ಹಾಗೆ ಬೆಳ್ಳಗೇ ಇತ್ತು. ಬಲಗಡೆಯದರಲ್ಲಿ ನೃತ್ಯದ ಟೀಚರ್ ಮನೆಯ ಕನ್ನಡಿ ಮುಂದಿನಿಂದ ಎತ್ತಿ ತಂದ ಡಬ್ಬಿಯ ಕ್ರೀಮು. ಅದು ಒಲೆ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಘಾಟಿಯ ಎದುರು ಕುಳಿತಿದ್ದ ಕನ್ನಡಕದಂಗಡಿಯವನು ಬಗ್ಗಿ ನೋಡಿದ. ನೃತ್ಯದ ಟೀಚರ್ ಅವನ ಅಕ್ಕ. ಕೈನಡುಕ, ನಿದ್ದೆಯಿಲ್ಲ, ಕಾಲು ಬಾವು ಎಂದು ಆಸ್ಪತ್ರೆ ಸೇರಿ ಹನ್ನೊಂದು ದಿನವಾಗಿತ್ತು, ಈಚೆಗೆ ಮಾತೂ ನಿಂತಿತ್ತು. ಮೂತ್ರದಲ್ಲಿ ಪಾದರಸ ಇದೆ ಎಂದು ಡಾಕ್ಟರು ಹೇಳಿದ ದಿನವೇ ಅವನು ಘಾಟಿಯ ಕಚೇರಿಯ ಈ ಮಹಡಿ ಹತ್ತಿ ಬಂದಿದ್ದ.

"ಅದೇನಾ ಮೇಡಂ?"

"ಇರಿ. ಇನ್ನೊಂದು ಸಾಕ್ಷಿ ಕೇಳೋಣ."

ಅವಳು ಒಂದು ಲೋಟದಲ್ಲಿದ್ದ ಸುಣ್ಣದ ತಿಳಿಯನ್ನು ಚಮಚದಲ್ಲಿ ತೆಗೆದು ಎರಡೂ ಸಾಸರಿಗೆ ಬಿಟ್ಟಳು. ಎಡಗಡೆಯದು ಏನೂ ಆಗದವರಂತೆ ಕುಳಿತಿತ್ತು. ಬಲಗಡೆಯದು ನೋಡನೋಡುತ್ತ ಕಪ್ಪಿಟ್ಟಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದಳು ಅವಳು. "ಪಾದರಸದ ಉಪ್ಪು. ಚರ್ಮದ ಬಣ್ಣವನ್ನ ಒಳಗಿಂದಲೇ ಕೊಂದು ಬಿಳುಪು ಮಾಡತ್ತೆ. ಮೊದಲ ತಿಂಗಳು ಎಲ್ಲರೂ ಹೊಗಳ್ತಾರೆ. ಆಮೇಲೆ ಅದು ಮೂತ್ರಪಿಂಡಕ್ಕೆ ಇಳಿಯತ್ತೆ."

ಅವಳನ್ನು ಎಲ್ಲರೂ ಘಾಟಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಮೂಸಿ ನೋಡುವ ಕೆಲಸ ಮಾಡಿದವಳು. ಯಾವ ಘಾಟನ್ನೂ ಬಿಡದ ಮೂಗು, ಯಾರ ಮಾತನ್ನೂ ನಂಬದ ಬುದ್ಧಿ, ಎರಡಕ್ಕೂ ಸೇರಿಸಿ ಜೊತೆಯವರು ಕೊಟ್ಟ ಹೆಸರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆ ಮೂಗನ್ನೇ ನಂಬಿ ಪತ್ತೇದಾರಿಕೆಗೆ ಇಳಿದಿದ್ದಳು.

ಕನ್ನಡಕದಂಗಡಿಯವನು ಗಂಟಲು ಸರಿಮಾಡಿಕೊಂಡ. "ಮೇಡಂ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಡಬ್ಬಿ ಮೇಲಿರೋದು ನಿಮ್ಮ ನಾದಿನಿ ಅಂಗಡಿ ಹೆಸರು. ನಾಳೆ ಅವರೇ ತಪ್ಪು ಮಾಡಿದಾರೆ ಅಂತ ಗೊತ್ತಾದ್ರೆ, ನೀವು ಮನೆಯವರು ಅಂತ ಮುಚ್ಚಿಡಲ್ಲ ತಾನೆ?"

ಘಾಟಿಗೆ ನಗು ಬಂತು. ಪಾಪ, ಇವನಿಗೇನು ಗೊತ್ತು?

"ಮುಚ್ಚಿಡಲ್ಲ. ಆ ವಿಷಯದಲ್ಲಿ ನೀವು ನಿಶ್ಚಿಂತೆಯಾಗಿರಿ."

ಅವನು ಹೋದ ಮೇಲೆ ಅವಳು ಡಬ್ಬಿಯನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದಳು. ಮೊದಲು ಬಂದದ್ದು ನಾದಿನಿಯ ಅಸಲಿ ಕ್ರೀಮಿನ ವಾಸನೆ, ಎಳ್ಳೆಣ್ಣೆ ಮತ್ತು ಜೇನುಮೇಣದ್ದು. ಅದರ ಕೆಳಗೆ ಇನ್ನೊಂದು: ಗುಲಾಬಿ. ಗಿಡದಲ್ಲಿ ಬಿಡುವ ಗುಲಾಬಿಯಲ್ಲ, ಪೀಪಾಯಿಯಲ್ಲಿ ಬರುವ ಗುಲಾಬಿ. ಯಾರೋ ಅಸಲಿ ಕ್ರೀಮಿಗೆ ಅಗ್ಗದ ಬಿಳುಪಿನ ಕ್ರೀಮು ಬೆರೆಸಿದ್ದರು.

ಮುಚ್ಚಳದ ಸುತ್ತ ಹರಿದ ಕಾಗದದ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಅದರಲ್ಲೂ ಏನೋ ಒಂದು ಸಣ್ಣ ಘಾಟು ಇತ್ತು, ಚಪ್ಪಲಿ ರಿಪೇರಿಯವನ ಮುಂದೆ ನಿಂತಾಗ ಬರುತ್ತದಲ್ಲ, ಅಂಥದ್ದು. ಅವಳ ಮೂಗು ಅಲ್ಲಿ ಒಂದು ಕ್ಷಣ ನಿಂತಿತು.

ನಿಂತ ಮೂಗನ್ನು ಅವಳೇ ಎಳೆದುಕೊಂಡಳು. ಡಬ್ಬಿ ನಾದಿನಿಯದು. ಲೇಬಲ್ ನಾದಿನಿಯದು. ಇನ್ನೇನು ಬೇಕು?

* * *

ಅಂಗಡಿ ಎರಡು ಬೀದಿ ಆಚೆ. ಹಸಿರು ಬಾಗಿಲು, ಗಾಜಿನ ಕಪಾಟುಗಳು, ಒಳಗೆ ಹೋದರೆ ಹೊಸದಾಗಿ ಹಿಂಡಿದ ಎಣ್ಣೆಯ ವಾಸನೆ. ಬಾಗಿಲ ಪಕ್ಕದ ಗೋಡೆಯ ಮೇಲೆ ನೃತ್ಯದ ಟೀಚರ್ ಫೋಟೋ ಇನ್ನೂ ತೂಗುತ್ತಿತ್ತು. ಆರು ತಿಂಗಳ ಹಿಂದಿನ ಮುಖ ಒಂದು, ಎರಡು ತಿಂಗಳ ಹಿಂದಿನದು ಇನ್ನೊಂದು. ಎರಡನೆಯದು ಬಲ್ಬು ಹಾಕಿದ ಹಾಗೆ ಹೊಳೆಯುತ್ತಿತ್ತು.

ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾ, ಎಂದುಕೊಂಡಳು ಘಾಟಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೇನು ಕಾಣುವುದಿಲ್ಲವೆ?

ಅವಳು ಕಪಾಟಿನ ಮರೆಯಲ್ಲಿ ನಿಂತಳು.

ಒಳಗೆ ನಾದಿನಿ ಒಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದಳು. ಗಿರಾಕಿ ಬ್ಯಾಂಕಿನ ಗುಮಾಸ್ತೆ, ಕೈಯಲ್ಲಿ ಬೇರೆ ಯಾವುದೋ ಕಂಪನಿಯ ಬಾಟಲಿ.

"ಇದ್ರ ಮೇಲೆ ನೈಸರ್ಗಿಕ ಅಂತ ಬರ್ದಿದೆ ಅಕ್ಕಾ, ಆದ್ರೂ ತಲೆ ಉರಿಯತ್ತೆ."

"ಮುಂದೆ ಬರೆದಿದ್ದನ್ನ ಓದಬೇಡಿ, ತಿರುಗಿಸಿ ಹಿಂದೆ ಓದಿ. ನೋಡಿ, ಎಲೆಯ ಚಿತ್ರ ಇಷ್ಟು ದೊಡ್ಡದು, ಎಲೆಯ ಹೆಸರು ಪಟ್ಟಿಯ ಕೊನೇಲಿ. ಯಾವುದು ಹೆಚ್ಚಿರತ್ತೋ ಅದು ಮೊದಲು ಬರಬೇಕು. ಇಲ್ಲಿ ಪರಿಮಳ ಅಂತ ಬರೀ ಒಂದು ಪದ ಇದೆಯಲ್ಲ, ಅದರೊಳಗೆ ಐವತ್ತು ಸಾಮಾನು ಬಚ್ಚಿಟ್ಟುಕೋಬಹುದು."

"ಹಾಗಾದ್ರೆ ನಿಮ್ಮದೇ ಕೊಡಿ."

"ಕೊಡ್ತೀನಿ. ಆದ್ರೆ ಇವತ್ತೇ ತಲೆಗೆ ಹಚ್ಚಬೇಡಿ. ಮೊಣಕೈ ಒಳಗಡೆ ಒಂದು ಚುಕ್ಕೆ ಹಚ್ಚಿ ಒಂದು ದಿನ ನೋಡಿ. ಗಿಡದ್ದು ಅಂದ ತಕ್ಷಣ ಎಲ್ಲರಿಗೂ ಒಗ್ಗಬೇಕು ಅಂತೇನಿಲ್ಲ. ತುರಿಕೆ ಎಲೆಯೂ ಗಿಡದ್ದೇ!"

ಗಿರಾಕಿ ನಕ್ಕಳು. ನಾದಿನಿಯ ಪಕ್ಕದಲ್ಲಿ ನಿಂತು ಬಾಟಲಿ ಕಟ್ಟುತ್ತಿದ್ದ ಹುಡುಗಿಯೂ ನಕ್ಕಳು. ಆ ನಗು ಕೇಳಿ ಘಾಟಿಯ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದ ಹಾಗಾಯಿತು.

ಆ ಹುಡುಗಿ ಅವಳ ಮಗಳು.

ಮೂರು ವರ್ಷದ ಹಿಂದೆ ಗುಂಗುರು ಕೂದಲು ನೇರ ಮಾಡಿಸಬೇಕು ಎಂದು ಹಟ ಹಿಡಿದಾಗ ಮಗಳನ್ನು ಪಾರ್ಲರಿಗೆ ಕರೆದುಕೊಂಡು ಹೋದವಳು ಘಾಟಿಯೇ. ಆ ದ್ರಾವಣದ ಮುಚ್ಚಳ ತೆಗೆದ ಕೂಡಲೇ ಅವಳ ಮೂಗಿಗೆ ಫಾರ್ಮಾಲಿನ್ ಬಡಿದಿತ್ತು. ಹೆಣ ಕೆಡದಂತೆ ಇಡುವ ಔಷಧಿಯ ಘಾಟು. ಎದ್ದು ಬಾ ಎನ್ನಬೇಕಿತ್ತು. ಮಗಳ ಮುಖದಲ್ಲಿದ್ದ ಖುಷಿ ನೋಡಿ ಸುಮ್ಮನಾದಳು.

ನಾಲ್ಕು ತಿಂಗಳಲ್ಲಿ ಕೂದಲು ಹಿಡಿ ಹಿಡಿಯಾಗಿ ಉದುರಿತು. ಮಗಳು ಕನ್ನಡಿಗೆ ಬಟ್ಟೆ ಹೊದಿಸಿ ಕೋಣೆ ಸೇರಿದಳು. ಆಗ ಬಂದವಳು ನಾದಿನಿ. ವಾರಕ್ಕೆರಡು ಸಲ ಬಂದು, ಮಗುವಿಗೆ ಹಚ್ಚುವ ಹಾಗೆ ತಲೆಗೆ ಎಣ್ಣೆ ಹಚ್ಚಿ, ಒಂದೂವರೆ ವರ್ಷ ತಪ್ಪದೆ. ಕೂದಲು ಮತ್ತೆ ಬಂತು. ಮಗಳು ಮಾತ್ರ ಮತ್ತೆ ಬರಲಿಲ್ಲ. "ಅತ್ತೆ ಜೊತೆ ಕೆಲಸ ಕಲೀತೀನಿ" ಎಂದು ಅಂಗಡಿಯ ಮೇಲಿನ ಕೋಣೆಗೆ ಪೆಟ್ಟಿಗೆ ಸಾಗಿಸಿದಳು.

ಹಿತ್ತಲ ಗಿಡ ಮದ್ದಲ್ಲ ಎಂದು ಘಾಟಿ ಗಂಡನ ಹತ್ತಿರ ಹೇಳಿಕೊಂಡು ಅತ್ತಿದ್ದಳು. ಗಂಡ ವಿಮಾ ಕಂಪನಿಯ ಸರ್ವೇಯರು, ಮಿತಭಾಷಿ. "ನನ್ನ ತಂಗಿ ತಾನೆ, ಹೊರಗಿನವಳಾ?" ಎಂದಷ್ಟೇ ಹೇಳಿದ್ದ. ಆ ಮಾತು ಗಾಯಕ್ಕೆ ಉಪ್ಪು ಸವರಿತ್ತು.

ಈಗ ಕಪಾಟಿನ ಸಂದಿಯಿಂದ ನೋಡುತ್ತಿದ್ದಂತೆಯೇ ನಾದಿನಿ ಕೈ ಚಾಚಿ ಮಗಳ ಕಿವಿಯ ಹಿಂದೆ ಒಂದು ಗುಂಗುರನ್ನು ಸೇರಿಸಿದಳು. ನೋಡದೇ ಮಾಡಿದ ಕೆಲಸ. ದಿನಾ ಮಾಡುವವರು ಮಾಡುವ ಹಾಗೆ.

ಘಾಟಿ ಮರೆಯಿಂದ ಈಚೆ ಬಂದಳು.

"ಅಮ್ಮ!" ಎಂದಳು ಮಗಳು. ಮುಖ ಅರಳಿತು. ಮರುಕ್ಷಣ ಏಕೋ ಅತ್ತೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

ಅಮ್ಮನನ್ನು ಮಾತಾಡಿಸುವುದಕ್ಕೂ ಅತ್ತೆಯ ಅಪ್ಪಣೆ!

"ನಿನ್ನ ಹತ್ತಿರ ಮಾತಾಡ್ಬೇಕು," ಎಂದಳು ಘಾಟಿ, ಮಗಳಿಗಲ್ಲ, ನಾದಿನಿಗೆ. "ಒಳಗೆ."

* * *

ಹಿಂದಿನ ಕೋಣೆಯಲ್ಲೇ ಎಲ್ಲ ತಯಾರಾಗುತ್ತಿದ್ದುದು. ಉದ್ದನೆಯ ಕಲ್ಲಿನ ಮೇಜು, ತಕ್ಕಡಿ, ಬಿಸಿ ನೀರಿನ ಪಾತ್ರೆಯೊಳಗೆ ಕೂರಿಸಿದ ಇನ್ನೊಂದು ಪಾತ್ರೆ, ಅದರಲ್ಲಿ ನಿಧಾನವಾಗಿ ಕರಗುತ್ತಿದ್ದ ಮೇಣ. ಗೋಡೆಗೆ ಒಂದು ಹಲಗೆ: ಯಾವ ದಿನ ಏನು ಮಾಡಿದ್ದು, ಯಾವಾಗ ಕೆಡುತ್ತದೆ.

ನಾದಿನಿ ಬಾಗಿಲು ಮುಂದೆ ಮಾಡಿ ಬಂದಳು. ತೆಳ್ಳಗಿನ ಹೆಂಗಸು, ಕೆನ್ನೆಯ ಮೇಲೆ ವಯಸ್ಸಿನ ಕಂದು ಮಚ್ಚೆಗಳು. ಅವನ್ನು ಮುಚ್ಚಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಅದೂ ಘಾಟಿಗೆ ಒಂದು ಬಗೆಯ ಜಂಬದಂತೆ ಕಂಡಿತು.

ಅವಳು ಡಬ್ಬಿಯನ್ನು ಕಲ್ಲಿನ ಮೇಲೆ ಕುಕ್ಕಿದಳು.

"ಇದು ನಿನ್ನದಾ?"

"ಡಬ್ಬಿ ನಂದೇ, ಅತ್ತಿಗೆ."

"ಲೇಬಲ್?"

"ಅದೂ ನಂದೇ."

"ಒಳಗಿರೋ ಪಾದರಸ?"

ನಾದಿನಿ ಡಬ್ಬಿಗೆ ಚಾಚಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ನೆಲದಿಂದ ಬರತ್ತೆ, ಅದೂ ನೈಸರ್ಗಿಕವೇ, ಅಲ್ವಾ?" ಘಾಟಿಯ ಧ್ವನಿ ತಾನಾಗಿಯೇ ಏರಿತು. "ಊರಿಗೆಲ್ಲ ಹಿಂದೆ ತಿರುಗಿಸಿ ಓದಿ ಅಂತ ಪಾಠ ಹೇಳ್ತೀಯ. ಇದರ ಹಿಂದೆ ಪಾದರಸ ಅಂತ ಬರೆದಿಲ್ಲ ಯಾಕೆ? ಫೋಟೋ ತೆಗೆದು ಗೋಡೆಗೆ ನೇತು ಹಾಕಿದೀಯಲ್ಲ, ಆ ಹೊಳಪು ಎಲ್ಲಿಂದ ಬಂತು ಅಂತ ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿರಲಿಲ್ಲ."

"ಸುಳ್ಳು."

"ಗೊತ್ತಿದ್ದಿದ್ರೆ ಆ ಫೋಟೋ ಇವತ್ತೂ ಅಲ್ಲೇ ಇರ್ತಿತ್ತಾ? ನೀವು ಬರೋ ಮುಂಚೆ ತೆಗೆದು ಒಲೆಗೆ ಹಾಕ್ತಿರಲಿಲ್ವಾ?"

ಆ ಮಾತಿನಲ್ಲಿ ಹುರುಳಿದೆ ಎಂದು ಘಾಟಿಗೆ ಗೊತ್ತಾಯಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಾದಿನಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಉಗುರಿನಿಂದ ಆ ಹರಿದ ಪಟ್ಟಿಯನ್ನು ಕೆರೆದಳು. ಪಟ್ಟಿ ರಬ್ಬರಿನ ಎಳೆಯ ಹಾಗೆ ಜಗ್ಗಿತು. ಆಮೇಲೆ ಕಪಾಟಿನಿಂದ ಹೊಸ ಡಬ್ಬಿಯೊಂದನ್ನು ತಂದು ಅದರ ಪಟ್ಟಿಯನ್ನೂ ಕೆರೆದಳು. ಅದು ಒಣಗಿದ ಹಿಟ್ಟಾಗಿ ಉದುರಿತು.

"ನಾನು ಅಂಟು ಕೊಳ್ಳಲ್ಲ ಅತ್ತಿಗೆ. ಮೈದಾ ಹಿಟ್ಟು ಕಾಸಿ ಹಚ್ತೀನಿ. ಗಿರಾಕಿಗಳು ನಗ್ತಾರೆ, ಅಂಟೂ ನೈಸರ್ಗಿಕವಾ ಅಂತ. ಇದು ಚಪ್ಪಲಿ ಅಂಗಡಿ ಅಂಟು. ಯಾರೋ ನನ್ನ ಡಬ್ಬಿ ಬಿಚ್ಚಿ, ಒಳಗೆ ಬೆರೆಸಿ, ಮತ್ತೆ ಅಂಟಿಸಿದಾರೆ."

ಅವಳು ಎರಡೂ ಡಬ್ಬಿಗಳನ್ನು ಘಾಟಿಯ ಕಡೆ ತಳ್ಳಿದಳು.

"ನಿಮ್ಮ ಮೂಗಿಗೆ ಇದು ಸಿಗಲಿಲ್ಲ ಅಂದ್ರೆ ನಾನು ನಂಬಲ್ಲ."

ಘಾಟಿಯ ಕಿವಿ ಬಿಸಿಯಾಯಿತು. ಸಿಕ್ಕಿತ್ತು. ಸಿಕ್ಕಿದ್ದನ್ನು ಬೇಕೆಂದೇ ಬಿಟ್ಟಿದ್ದಳು.

"ಇಷ್ಟು ದಿನ ನೀವು ಬಂದು ಹೋಗ್ತಾ ಇದ್ರಿ. ಕಪಾಟಿನ ಹಿಂದೆ ನಿಲ್ತಿದ್ರಿ. ಕಂಡಿದೆ ನಂಗೆ. ಕೆಲಸ ಮಾಡ್ತಿದಾರೆ, ಮಾಡ್ಲಿ ಅಂತ ಸುಮ್ನಿದ್ದೆ." ನಾದಿನಿಯ ಧ್ವನಿ ಏರಲಿಲ್ಲ. "ಆದ್ರೆ ನೀವು ತಪ್ಪು ಮಾಡಿದವರನ್ನ ಹುಡುಕ್ತಾ ಇಲ್ಲ ಅತ್ತಿಗೆ. ನನ್ನಲ್ಲಿ ತಪ್ಪು ಹುಡುಕ್ತಾ ಇದೀರ."

"ನಿನ್ನಲ್ಲಿ ಹುಡುಕೋಕೆ ನಂಗೇನು ಬಂದಿದೆ?"

"ನಿಮ್ಮ ಮಗಳನ್ನ ನಾನು ಕಿತ್ಕೊಂಡೆ ಅನ್ನೋ ಹೊಟ್ಟೆಕಿಚ್ಚು."

"ಕಿತ್ಕೊಳ್ಳಲಿಲ್ವಾ?" ಮಾತು ಬಾಯಿಂದ ಜಾರಿಯೇ ಹೋಯಿತು. "ಒಂಬತ್ತು ತಿಂಗಳು ಹೊತ್ತವಳು ನಾನು. ಅವಳ ಕೂದಲಿಗೆ ಕೈ ಹಾಕಿದ್ರೆ ತಲೆ ಪಕ್ಕಕ್ಕೆ ತಗೋತಾಳೆ. ನೀನು ಹಾಕಿದ್ರೆ ಬೆಕ್ಕಿನ ಮರಿ ಹಾಗೆ ನಿಲ್ತಾಳೆ. ನಿಂಗೆ ಮಕ್ಕಳಿಲ್ಲ ಅಂತ ನನ್ನ ಮಗಳನ್ನ..."

ಅವಳು ಅಲ್ಲಿಗೇ ನಿಲ್ಲಿಸಿದಳು. ಆದರೆ ಆಡಿದ ಮಾತು, ಒಡೆದ ಮುತ್ತು. ನಾದಿನಿ ಒಲೆಯ ಕಡೆ ತಿರುಗಿ ಉರಿಯನ್ನು ಸಣ್ಣ ಮಾಡಿದಳು. ಸಣ್ಣ ಮಾಡುವಷ್ಟು ಉರಿ ಅಲ್ಲಿ ಇರಲಿಲ್ಲ.

"ಅವಳು ತಲೆ ಪಕ್ಕಕ್ಕೆ ತಗೊಳ್ಳೋದು ಯಾಕೆ ಗೊತ್ತಾ?" ಎಂದಳು, ಬೆನ್ನು ತಿರುಗಿಸಿಕೊಂಡೇ. "ಅಮ್ಮನ ಕೈಗೆ ಉದುರಿದ ಕೂದಲು ಸಿಕ್ಕಿಬಿಟ್ರೆ ಅಮ್ಮ ನೊಂದ್ಕೋತಾಳೆ ಅಂತ. ಒಂದು ದಿನ ಎಣ್ಣೆ ಹಚ್ಚುವಾಗ ಹೇಳಿದ್ಲು."

ಘಾಟಿ ಮೇಜಿನ ಅಂಚನ್ನು ಹಿಡಿದುಕೊಂಡಳು.

ಆಗಲೇ ಬಾಗಿಲು ತೆರೆದು ಮಗಳು ಒಳಗೆ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಲೋಟ ಟೀ.

"ಜಗಳ ಮಾಡ್ತಾ ಇದೀರಾ?" ಎಂದಳು. ನಗಲು ನೋಡಿದಳು.

ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎನ್ನುತ್ತಿದ್ದವು. ಟೀ ತುಳುಕಿ ತಟ್ಟೆಗೆ ಚೆಲ್ಲಿತ್ತು. ಘಾಟಿ ಮೊದಲು ಮಗಳ ಬೆರಳು ನೋಡಿದಳು, ಆಮೇಲೆ ಮುಖ. ಇಷ್ಟು ದಿನ ಬರೀ ನಾದಿನಿಯನ್ನೇ ನೋಡುತ್ತಿದ್ದ ಕಣ್ಣಿಗೆ ಮಗಳ ಮುಖ ಈಗ ಕಂಡಿತು. ಹಣೆ, ಮೂಗು, ಕೆನ್ನೆ, ಎಲ್ಲ ಹೊಳೆಯುತ್ತಿದ್ದವು. ಕುತ್ತಿಗೆ ಮಾತ್ರ ಹಳೆಯ ಬಣ್ಣದಲ್ಲೇ ಇತ್ತು.

ಅವಳು ತಟ್ಟೆಯನ್ನು ಕಿತ್ತು ಕೆಳಗಿಟ್ಟು, ಮಗಳ ಗಲ್ಲ ಹಿಡಿದು, ಕೆನ್ನೆಗೆ ಮೂಗು ತಂದಳು.

ಪೀಪಾಯಿಯ ಗುಲಾಬಿ.

"ಎಷ್ಟು ದಿನದಿಂದ ಕೈ ನಡುಗ್ತಾ ಇದೆ?"

"ಒಂದು ತಿಂಗಳಾಯ್ತೇನೋ. ನಿದ್ದೆ ಸರಿಯಾಗಿ ಬರಲ್ಲ, ಅದಕ್ಕೇ ಇರಬೇಕು. ಯಾಕಮ್ಮ?"

"ಮುಖಕ್ಕೆ ಏನು ಹಚ್ಚಿದೀಯ?"

ಮಗಳು ಅತ್ತೆಯ ಕಡೆ ಕಳ್ಳನೋಟ ಬೀರಿದಳು. "ಅತ್ತೆ ಮುಂದೆ ಹೇಳ್ಬೇಡ ಅಂತ ನೀನೇ ಬರ್ದಿದೀಯಲ್ಲ."

"ನಾನಾ?"

"ನೀನು ಕಳಿಸಿದ ಕ್ರೀಮೇ ಅಮ್ಮ. ತಿಂಗಳಿಗೊಂದು ಡಬ್ಬಿ ಕಳಿಸ್ತೀಯಲ್ಲ." ಮಗಳ ಕಣ್ಣು ತುಂಬಿಬಂತು. "ಅತ್ತೆ ಡಬ್ಬಿಯಲ್ಲೇ ಹಾಕಿ ಕಳಿಸಿದೀಯ ಅಂತ ಮೊದಲು ನಗು ಬಂತು. ಆಮೇಲೆ ಅಂದ್ಕೊಂಡೆ, ಅಮ್ಮನಿಗೆ ಅತ್ತೆ ಮೇಲಿನ ಕೋಪ ಹೋಯ್ತು, ನನ್ನ ಮೇಲಿನದೂ ಹೋಯ್ತು, ಬಾಯಿಬಿಟ್ಟು ಹೇಳೋಕೆ ನಾಚಿಕೆ ಅಂತ."

ನಾದಿನಿ ಒಲೆ ಆರಿಸಿದಳು. ಒಳಗಿನಿಂದ ಸೋಪು ನೀರು, ಬಟ್ಟೆ ತಂದು ಹುಡುಗಿಯ ಮುಖ ತೊಳೆಯತೊಡಗಿದಳು. ಒಮ್ಮೆ, ಎರಡು ಸಲ, ಮೂರು ಸಲ. ಘಾಟಿ ಬೀದಿಗೆ ಓಡಿ ಆಟೋ ನಿಲ್ಲಿಸಿದಳು.

* * *

ನೃತ್ಯದ ಟೀಚರ್ ಸೇರಿದ್ದ ಅದೇ ಆಸ್ಪತ್ರೆಯ ಎರಡನೇ ಮಹಡಿಯ ಓಣಿಯಲ್ಲಿ ಮಧ್ಯಾಹ್ನದ ಬಿಸಿಲು ಚೌಕ ಚೌಕವಾಗಿ ಬಿದ್ದಿತ್ತು. ಡಾಕ್ಟರು ರಕ್ತ, ಮೂತ್ರ ತೆಗೆದುಕೊಂಡು, "ಬೇಗ ಕರ್ಕೊಂಡು ಬಂದಿದೀರ, ಹೆದರಬೇಡಿ, ಆದ್ರೆ ಆ ಡಬ್ಬಿಯನ್ನ ಇನ್ಯಾರೂ ಮುಟ್ಟೋದು ಬೇಡ" ಎಂದು ಹೇಳಿ ಹೋಗಿದ್ದರು.

ಬೆಂಚಿನ ಮೇಲೆ ಮಗಳು ನಡುವೆ ಕುಳಿತಿದ್ದಳು. ಒಂದು ಕಡೆ ಅತ್ತೆ, ಇನ್ನೊಂದು ಕಡೆ ಅಮ್ಮ. ಅವಳ ಬಲಗೈ ಅತ್ತೆಯ ಕೈಯೊಳಗಿತ್ತು. ಘಾಟಿ ಅದನ್ನು ನೋಡಿದಳು. ಉರಿ ಎದ್ದಿತು. ಈ ಹೊತ್ತಿನಲ್ಲೂ ಏಳುತ್ತದಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮಗಳು ಪರ್ಸಿನಿಂದ ಮಡಿಸಿದ ಚೀಟಿಗಳನ್ನು ತೆಗೆದು ಕೊಟ್ಟಳು. ನಾಲ್ಕು. ಎಲ್ಲವನ್ನೂ ಎತ್ತಿಟ್ಟುಕೊಂಡಿದ್ದಳು.

"ಮಲಗುವ ಮುಂಚೆ ಹಚ್ಚಿಕೋ. ಅತ್ತೆಗೆ ತೋರಿಸಬೇಡ, ನೊಂದುಕೊಳ್ಳುತ್ತಾಳೆ. ಅಮ್ಮ."

ಅಕ್ಷರ ಘಾಟಿಯದೇ. ಮೊದಲ ನೋಟಕ್ಕೆ ಅವಳೇ ನಂಬಿಬಿಡುವಷ್ಟು ಅವಳದು. ಎರಡನೆಯ ನೋಟಕ್ಕೆ ಗೊತ್ತಾಯಿತು: ಅವಳು ಓಡಿಸಿ ಬರೆಯುವವಳು, ಇದನ್ನು ಬರೆದವರು ಒಂದೊಂದು ಅಕ್ಷರಕ್ಕೂ ನಿಂತು ನಿಂತು, ಪಕ್ಕದಲ್ಲಿ ಅವಳ ಬರವಣಿಗೆ ಇಟ್ಟುಕೊಂಡು ಬರೆದಿದ್ದರು.

"ಡಬ್ಬಿ ಹೇಗೆ ಬರ್ತಿತ್ತು?"

"ಅಪ್ಪ ತಂದುಕೊಡ್ತಿದ್ರು."

ನಾದಿನಿ ತಲೆ ಎತ್ತಿದಳು. ಅಪ್ಪ ಎಂದರೆ ಅವಳ ಅಣ್ಣ. ಇಬ್ಬರು ಹೆಂಗಸರೂ ಮಗಳ ತಲೆಯ ಮೇಲಿಂದ ಒಬ್ಬರ ಮುಖ ಒಬ್ಬರು ನೋಡಿದರು.

ಘಾಟಿ ಗಂಡನಿಗೆ ಫೋನು ಹಚ್ಚಿದಳು. ಅವನ ಹಿಂದೆ ಲಾರಿಗಳ ಸದ್ದು ಕೇಳುತ್ತಿತ್ತು.

"ಮಗಳಿಗೆ ಕ್ರೀಮು ಕೊಟ್ಟಿದ್ದು ಯಾರು?"

"ಯಾರು ಅಂದ್ರೆ? ನೀನೇ ಅಲ್ವಾ. ನಿನ್ನ ಮೇಜಿನ ಮೇಲೆ ಇರ್ತಿತ್ತು, ಅವಳ ಹೆಸರು ಬರೆದು. ನೀನಾಗಿ ಹೋಗಿ ಕೊಡೋ ಪೈಕಿ ಅಲ್ಲ, ಅದಕ್ಕೇ ನಾನೇ ಸುಮ್ನೆ ತಗೊಂಡು ಹೋಗಿ ಕೊಡ್ತಿದ್ದೆ. ಯಾಕೆ, ಏನಾಯ್ತು?"

"ಆಸ್ಪತ್ರೆಗೆ ಬಾ," ಎಂದು ಅವಳು ಫೋನಿಟ್ಟಳು.

ಮೇಜಿನ ಮೇಲೆ. ಅಂದರೆ ಮನೆಯೊಳಗೆ. ಬೀಗ ಮುರಿದಿಲ್ಲ, ಕಿಟಕಿ ಕಿತ್ತಿಲ್ಲ. ತಿಂಗಳಿಗೊಮ್ಮೆ ಯಾರೋ ಬಾಗಿಲು ತೆಗೆದು ಬಂದು, ಅವಳ ಕುರ್ಚಿಯ ಮೇಲೆ ಕುಳಿತು, ಅವಳ ದಿನಚರಿ ಬಿಡಿಸಿಟ್ಟುಕೊಂಡು, ಅವಳ ಅಕ್ಷರ ಕಲಿತು ಹೋಗಿದ್ದರು. ಗಂಡ ಸುಳ್ಳು ಹೇಳುತ್ತಿಲ್ಲವಾದರೆ.

ಮನೆಗೆ ಮೂರು ಕೀ. ಒಂದು ಅವಳ ಚೀಲದಲ್ಲಿ. ಒಂದು ಗಂಡನ ಜೇಬಿನಲ್ಲಿ.

"ನಿನ್ನ ಹತ್ತಿರ ಮನೆ ಕೀ ಇದೆಯಲ್ಲ ಪುಟ್ಟಿ, ಅದೆಲ್ಲಿ?"

ಮಗಳು ಅತ್ತೆಯ ಕೈಯಿಂದ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.

"ಕಳೆದುಹೋಯ್ತಾ?"

"ಇಲ್ಲ."

"ಮತ್ತೆ?"

"ಟೀಚರ್ ಹತ್ತಿರ ಇದೆ."

"ಯಾವ ಟೀಚರ್?"

"ನಮ್ಮ ಡ್ಯಾನ್ಸ್ ಟೀಚರ್." ಮಗಳ ಧ್ವನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಇಳಿದಿತ್ತು. "ನಾನಾಗಿ ಕೊಡಲಿಲ್ಲ ಅಮ್ಮ. ಅಪ್ಪ ಕೇಳಿದ್ರು. ಹಗಲೆಲ್ಲ ಮನೆ ಖಾಲಿ ಇರತ್ತೆ, ಅವರಿಗೆ ಅಭ್ಯಾಸ ಮಾಡೋಕೆ ಜಾಗ ಇಲ್ಲ ಅಂದ್ರು. ಅಮ್ಮನಿಗೆ ಹೇಳ್ಬೇಡ, ಅವಳಿಗೆ ಮೊದಲೇ ಅನುಮಾನದ ಬುದ್ಧಿ ಅಂದ್ರು."

ನಾದಿನಿಯ ಕೈ ಬಾಯಿಗೆ ಹೋಯಿತು. "ಅತ್ತಿಗೆ, ಸತ್ಯವಾಗಿಯೂ ನಂಗೆ ಗೊತ್ತಿರಲಿಲ್ಲ," ಎಂದಳು.

ಈ ಸಲ ಘಾಟಿ ಅವಳನ್ನು ನಂಬಿದಳು. ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಈ ಬಾಗಿಲನ್ನು. ಕದ್ದವರು ಬಂದು ಹೋಗುತ್ತಿದ್ದುದು ಇನ್ನೊಂದು ಬಾಗಿಲಿಂದ. ಹೊಟ್ಟೆಯಲ್ಲಿ ಉರಿ ಇರಲಿಲ್ಲ ಈಗ. ಅಲ್ಲೊಂದು ತಣ್ಣನೆಯ ಕಲ್ಲು ಕುಳಿತಿತ್ತು.

ಆದರೆ ವಿಷ ಬೆರೆಸಿದವಳು ತಾನೂ ಅದನ್ನೇ ಹಚ್ಚಿಕೊಂಡು ಸಾಯಲು ಮಲಗುತ್ತಾಳೆಯೆ?

ಓಣಿಯ ಆ ತುದಿಯಲ್ಲಿ ಒಂದು ಬಾಗಿಲು ತೆರೆಯಿತು. ಕನ್ನಡಕದಂಗಡಿಯವನು ಹೊರಗೆ ಬಂದು ಅತ್ತಿತ್ತ ನೋಡಿದ. ಅವಳನ್ನು ಕಂಡವನೇ ಹೆಚ್ಚುಕಡಿಮೆ ಓಡಿ ಬಂದ. ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಮೇಡಂ, ಒಳ್ಳೆ ಹೊತ್ತಿಗೆ ಸಿಕ್ಕಿದ್ರಿ. ಅಕ್ಕನಿಗೆ ಮಾತು ಬಂತು. ನಿಮ್ಮನ್ನೇ ಕೇಳ್ತಾ ಇದಾಳೆ."

"ನನ್ನನ್ನಾ? ನನ್ನ ಪರಿಚಯವೇ ಇಲ್ಲ ಅವರಿಗೆ."

"ಅದೇ ನಂಗೂ ಅರ್ಥ ಆಗ್ತಿಲ್ಲ. ನಿಮ್ಮೊಬ್ಬರನ್ನೇ ಒಳಗೆ ಕಳಿಸು ಅಂತಾಳೆ." ಅವನು ಬೆಂಚಿನ ಮೇಲಿದ್ದ ಹುಡುಗಿಯನ್ನು ನೋಡಿ ಧ್ವನಿ ತಗ್ಗಿಸಿದ. "ಇನ್ನೊಂದು ಮಾತು ಮೇಡಂ. ನಿಮ್ಮ ಯಜಮಾನ್ರು ಈ ಕಡೆ ಬಂದ್ರೆ ಒಳಗೆ ಬಿಡಬೇಡ, ಅವರು ಬರೋ ಮುಂಚೆ ಬಾಗಿಲು ಹಾಕು ಅಂತ ನನ್ನ ಕೈ ಹಿಡ್ಕೊಂಡು ಅಳ್ತಾ ಇದಾಳೆ."

ಕೆಳಗೆ, ಆಸ್ಪತ್ರೆಯ ಗೇಟಿನಲ್ಲಿ, ಒಂದು ಸ್ಕೂಟರು ಬಂದು ನಿಂತಿತು.